ಖಾಕಿ ನೌಕರಿಯ ಜಮಾಖರ್ಚು

ಕರ್ನಾಟಕದಲ್ಲಿ ಈಗ ಹೊಸದಾಗಿ ಸೇರುವ ಪೊಲೀಸ್ ಕಾನ್‌ಸ್ಟೆಬಲ್‌ಗೆ ಮೂಲ ವೇತನವೇ ತಿಂಗಳಿಗೆ 37,500 ರೂಪಾಯಿ. ಉದ್ಯೋಗ ಖಾತರಿಯಲ್ಲಿ 2025–26ರ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ನೂರು ದಿನವೂ ಕೆಲಸ ಸಿಕ್ಕಿ ಬದು ಹಾಕಿದವರ ಕೈಗೆ ಆ ವರ್ಷ ಬಂದದ್ದು 37,000. ಅಂದರೆ ಒಬ್ಬರ ವರ್ಷದ ಕೂಲಿಗಿಂತ ಇನ್ನೊಬ್ಬರ ತಿಂಗಳ ಮೂಲ ವೇತನ ಐನೂರು ರೂಪಾಯಿ ಜಾಸ್ತಿ. ಬಾಗಲಕೋಟೆ ಜಿಲ್ಲೆಯ ಹುನಗುಂದ, ಇಳಕಲ್ಲ, ಬಾದಾಮಿ ಕಡೆಯ ಮನೆಗಳಲ್ಲಿ ಪಿಯುಸಿ ಮುಗಿಸಿದ ಮಗ ನಸುಕಿನಲ್ಲೆದ್ದು ಓಡಲು ಹೋಗುವುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಆ ಆಸೆಯ ಬೆನ್ನಿಗೇ ಸರ್ಟಿಫಿಕೇಟ್ ಕೋರ್ಸು ಬರುತ್ತದೆ. ಪೊಲೀಸ್ ನೇಮಕಾತಿಯ ವಿಡಿಯೊ ಎರಡು ಸಲ ನೋಡಿದರೆ ಸಾಕು, ಮೂರನೆಯ ಸಲಕ್ಕೆ ಮೊಬೈಲ್ ತಾನಾಗಿಯೇ ಜಾಹೀರಾತು ತೋರಿಸತೊಡಗುತ್ತದೆ: ಕ್ರಿಮಿನಲ್ ಜಸ್ಟೀಸ್, ಕ್ರಿಮಿನಾಲಜಿ, ಸೈಬರ್ ಲಾ, ಫೊರೆನ್ಸಿಕ್. ಮೂರು ತಿಂಗಳದ್ದಿದೆ, ಆರು ತಿಂಗಳದ್ದಿದೆ, ವರ್ಷದ್ದೂ ಇದೆ. ಅದೇ ಕಡೆಯ ಅಮೀನಗಡದಂಥ ಊರಿನಿಂದ ಫೋನ್ ಮಾಡುವವರು ಕೇಳುವ ಪ್ರಶ್ನೆ ಒಂದೇ: ‘ಈ ಕೋರ್ಸ್ ಮಾಡಿದ್ರ ನೌಕರಿ ಸಿಗತೈತೇನ್ರಿ?’ ಆ ಕಡೆಯ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ಸ್ಕೋಪ್ ಭಾಳ ಐತ್ರಿ.’ ಈ ಸ್ಕೋಪಿಗೆ ರೂಪಾಯಿಯಲ್ಲಿ ಎಷ್ಟು ಬೆಲೆ ಎಂದು ಕೂಡಿಸಿ ಕಳೆದು ನೋಡಬೇಕು.

ಮೊದಲು ನೇಮಕಾತಿಯ ಅಧಿಸೂಚನೆಯನ್ನೇ ಓದೋಣ. ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಗೆ ಪಿಯುಸಿ ಅಥವಾ ತತ್ಸಮಾನ ವಿದ್ಯಾರ್ಹತೆ ಸಾಕು. ಸಬ್ ಇನ್‌ಸ್ಪೆಕ್ಟರ್‌ಗೆ ಪದವಿ. ಯಾವ ವಿಷಯದ್ದಾದರೂ ಸರಿ. ಕಾನ್‌ಸ್ಟೆಬಲ್ ಲಿಖಿತ ಪರೀಕ್ಷೆ 100 ಅಂಕದ್ದು, ಒಂದೂವರೆ ತಾಸು, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಪ್ರಶ್ನೆಗಳು ಇತಿಹಾಸ, ಭೂಗೋಳ, ಸಂವಿಧಾನ, ವಿಜ್ಞಾನ, ಸಾಮಾನ್ಯ ಜ್ಞಾನ, ಮಾನಸಿಕ ಸಾಮರ್ಥ್ಯದ ಮೇಲೆ. ಗಂಡುಮಕ್ಕಳಿಗೆ ಎತ್ತರ 168 ಸೆಂಟಿಮೀಟರ್, ಎದೆ 86, ಉಸಿರು ತುಂಬಿದಾಗ ಐದು ಸೆಂಟಿಮೀಟರ್ ಹಿಗ್ಗಬೇಕು. 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು, 7.26 ಕೆ.ಜಿ. ಗುಂಡನ್ನು 5.60 ಮೀಟರ್ ಆಚೆ ಎಸೆಯಬೇಕು. ಹೆಣ್ಣುಮಕ್ಕಳಿಗೆ ಎತ್ತರ 157, ಎರಡು ನಿಮಿಷದಲ್ಲಿ 400 ಮೀಟರ್ ಓಟ. ಇಷ್ಟರಲ್ಲಿ ಎಲ್ಲಿಯೂ ಕ್ರಿಮಿನಲ್ ಜಸ್ಟೀಸ್ ಸರ್ಟಿಫಿಕೇಟಿಗೆ ಅರ್ಧ ಅಂಕವಿಲ್ಲ. ಇಬ್ಬರಿಗೆ ಸಮ ಅಂಕ ಬಂದರೆ ಇದು ಕೈ ಹಿಡಿಯುತ್ತದೆ ಎಂಬ ಮಾತೂ ಅಲ್ಲಿಲ್ಲ.

ಹಾಗಾದರೆ ಕಾನೂನು ತಿಳಿಯದೆ ಪೊಲೀಸ್ ಆಗುವುದು ಹೇಗೆ? ಅದನ್ನು ಸರ್ಕಾರವೇ ಕಲಿಸುತ್ತದೆ, ಆಯ್ಕೆಯಾದ ಮೇಲೆ, ಖಾನಾಪುರದಂಥ ಪೊಲೀಸ್ ತರಬೇತಿ ಶಾಲೆಗಳಲ್ಲಿ, ತನ್ನದೇ ಖರ್ಚಿನಲ್ಲಿ. ಅಪರಾಧ ಕಾನೂನು, ತನಿಖೆಯ ವಿಧಾನ, ಸಾಕ್ಷ್ಯದ ನಿಯಮ ಎಲ್ಲವೂ ಅಲ್ಲಿನ ಪಾಠದಲ್ಲಿವೆ. ಆರು ತಿಂಗಳ ಖಾಸಗಿ ಕೋರ್ಸು ದುಡ್ಡು ತೆಗೆದುಕೊಂಡು ಕೊಡುವುದೂ ಸುಮಾರಾಗಿ ಇದನ್ನೇ.

ಇಂಥ ಕೋರ್ಸುಗಳಿಗೆ ಅಮೆರಿಕದಲ್ಲಿ ಅರ್ಥವಿದೆ. ಅಲ್ಲಿ ಊರೂರಿಗೆ ಬೇರೆ ಪೊಲೀಸ್ ಇಲಾಖೆ, ಒಂದೊಂದಕ್ಕೂ ಒಂದೊಂದು ನಿಯಮ. ನ್ಯೂಯಾರ್ಕ್ ಪೊಲೀಸ್ ಇಲಾಖೆ ಬಹಳ ವರ್ಷ 60 ಕಾಲೇಜು ಕ್ರೆಡಿಟ್ ಕೇಳುತ್ತಿತ್ತು. ಜನ ಸಿಗದೆ 2025ರಲ್ಲಿ ಅದನ್ನು 24ಕ್ಕೆ ಇಳಿಸಿತು. ಸಮುದಾಯ ಕಾಲೇಜಿನಲ್ಲಿ ಮಾಡಿದ ಸಣ್ಣ ಸರ್ಟಿಫಿಕೇಟ್ ಕೂಡ ಆ ಕ್ರೆಡಿಟ್ಟಿನ ಲೆಕ್ಕಕ್ಕೆ ಸೇರಬಹುದು. ಕರ್ನಾಟಕದಲ್ಲಿ ಇಡೀ ರಾಜ್ಯಕ್ಕೆ ಒಂದೇ ಇಲಾಖೆ, ಒಂದೇ ನಿಯಮಾವಳಿ. ಅಲ್ಲಿಯ ಜಾಹೀರಾತನ್ನು ಕನ್ನಡಕ್ಕೆ ತಂದ ಮಾತ್ರಕ್ಕೆ ಅಲ್ಲಿಯ ನಿಯಮ ಇಲ್ಲಿಗೆ ಬರುವುದಿಲ್ಲ.

ಆದರೆ ಅರ್ಜಿಯ ಜೊತೆ ಇಡುವ ಪ್ಲಾಸ್ಟಿಕ್ ಫೈಲಿನಲ್ಲಿ ನಿಜವಾಗಿಯೂ ತೂಕದ ಸರ್ಟಿಫಿಕೇಟುಗಳಿವೆ. ಅವನ್ನು ಯಾವ ಸಂಸ್ಥೆಯೂ ಜಾಹೀರಾತು ಕೊಟ್ಟು ಮಾರುವುದಿಲ್ಲ. ಜಾತಿ–ಆದಾಯದ ಪ್ರಮಾಣಪತ್ರ ಎಲ್ಲರಿಗೂ ಗೊತ್ತಿರುವುದು. ಅದರಾಚೆಗಿನ ಮೂರು ಕಾಗದಗಳ ವಿಷಯದಲ್ಲಿ ಬಾಗಲಕೋಟೆ ಜಿಲ್ಲೆಯ ಕತೆಯೇ ಬೇರೆ.

ಒಂದು, ಗ್ರಾಮೀಣ ಅಭ್ಯರ್ಥಿಯ ಪ್ರಮಾಣಪತ್ರ. ಸರ್ಕಾರಿ ನೇಮಕಾತಿಯಲ್ಲಿ ಗ್ರಾಮೀಣರಿಗೆ ಶೇ 25ರಷ್ಟು ಸಮತಲ ಮೀಸಲಾತಿ. ಒಂದರಿಂದ ಹತ್ತನೆಯ ತರಗತಿವರೆಗೆ ಹಳ್ಳಿಯ ಶಾಲೆಯಲ್ಲಿ ಓದಿರಬೇಕು. ಶಾಲೆಯ ಮುಖ್ಯೋಪಾಧ್ಯಾಯರು ಸಹಿ ಮಾಡಿ, ಕ್ಷೇತ್ರ ಶಿಕ್ಷಣಾಧಿಕಾರಿ ಮೇಲುರುಜು ಹಾಕಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಮನೆ ಇರುವ ಊರಲ್ಲ, ಶಾಲೆ ಇರುವ ಊರು. ಅಮೀನಗಡ ಈಗ ಪಟ್ಟಣ ಪಂಚಾಯಿತಿ. ನಗರಾಡಳಿತದ ಗಡಿಯೊಳಗಿನ ಶಾಲೆ ಗ್ರಾಮೀಣದ ಲೆಕ್ಕಕ್ಕೆ ಸೇರುವುದಿಲ್ಲ. ಪಕ್ಕದ ಸೂಳೇಭಾವಿಯಂಥ ಹಳ್ಳಿಯ ಶಾಲೆ ಸೇರುತ್ತದೆ. ಒಂದೇ ಸಂತೆಗೆ ಬರುವ, ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಇಬ್ಬರು ಗೆಳೆಯರಲ್ಲಿ ಒಬ್ಬನಿಗೆ ಈ ಕಾಗದ ಸಿಗುತ್ತದೆ, ಇನ್ನೊಬ್ಬನಿಗೆ ಇಲ್ಲ. ಸಾಮಾನ್ಯ ವರ್ಗದವರಿಗೆ ನಮೂನೆ ಬೇರೆ, ಉಳಿದವರಿಗೆ ಬೇರೆ. ಅಧಿಸೂಚನೆ ಹೇಳಿದ ದಿನಾಂಕದೊಳಗೆ ಸರಿಯಾದ ನಮೂನೆಯಲ್ಲಿ ಪಡೆದಿರಬೇಕು. ತಪ್ಪು ನಮೂನೆಯಲ್ಲಿ ತಂದರೆ ದಾಖಲೆ ಪರಿಶೀಲನೆಯ ಮೇಜಿನ ಮೇಲೆ ಅದಕ್ಕೆ ಬೆಲೆಯಿಲ್ಲ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಪ್ರಮಾಣಪತ್ರವೂ ಹೀಗೆಯೇ, ಅದಕ್ಕೆ ಶೇ 5.

ಎರಡು, ಯೋಜನಾ ನಿರಾಶ್ರಿತರ ಪ್ರಮಾಣಪತ್ರ. ಅದಕ್ಕೂ ಶೇ 5. ರಾಜ್ಯದ ಬೇರೆ ಕಡೆ ಈ ಕಾಲಂ ಖಾಲಿ ಬಿಡುವವರೇ ಹೆಚ್ಚು. ಬಾಗಲಕೋಟೆ ಜಿಲ್ಲೆಯಲ್ಲಿ ಹಾಗಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ದೊಡ್ಡ ಭಾಗವೇ ಹೋಯಿತು, ಅದಕ್ಕಾಗಿ ನವನಗರ ಕಟ್ಟಬೇಕಾಯಿತು. ನಾರಾಯಣಪುರದ ಹಿನ್ನೀರು ಹುನಗುಂದ ತಾಲ್ಲೂಕಿನ ಹಳ್ಳಿಗಳಿಗೂ ಬಂತು. ಅಜ್ಜನ ಹೊಲ ಮುಳುಗಿದ ದಾಖಲೆ ಮೊಮ್ಮಗನ ನೌಕರಿಗೆ ಬರುವ ಸಾಧ್ಯತೆ ಇರುವ ಊರುಗಳಿವು. ಮನೆಯ ಟ್ರಂಕಿನ ತಳದಲ್ಲಿ ಬಿದ್ದ ಭೂಸ್ವಾಧೀನದ ಆದೇಶವನ್ನು ಹೊರತೆಗೆದು, ತನ್ನ ಪೀಳಿಗೆಯವರಿಗೆ ಅದು ನಡೆಯುತ್ತದೆಯೇ ಎಂದು ಪುನರ್ವಸತಿ ಕಚೇರಿಯಲ್ಲಿ ವಿಚಾರಿಸುವುದಕ್ಕೆ ಆಗುವ ಖರ್ಚು ಬಸ್ ಚಾರ್ಜು, ಜೆರಾಕ್ಸು, ಹೋದ ದಿನದ ಕೂಲಿ. ಹೆಣ್ಣುಮಗಳಾದರೆ 2023ರ ಜೂನ್ 11ರಿಂದ ಬಸ್ ಚಾರ್ಜೂ ಇಲ್ಲ.

ಮೂರನೆಯದು ಬಾಗಲಕೋಟೆಯವರಿಗೆ ಸಿಗದ ಕಾಗದ. ಸಂವಿಧಾನದ 371(ಜೆ) ವಿಧಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ ಅನ್ವಯಿಸುತ್ತದೆ. ಅಲ್ಲಿನ ಸ್ಥಳೀಯ ವೃಂದದ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ. ಇಳಕಲ್ಲ ದಾಟಿದರೆ ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕು. ಮಳೆ ಒಂದೇ, ಮಾತು ಒಂದೇ, ಬೀಗತನವೂ ಉಂಟು. ಆದರೆ ಕುಷ್ಟಗಿಯ ಹುಡುಗನ ಫೈಲಿನಲ್ಲಿ 371(ಜೆ) ಅರ್ಹತಾ ಪತ್ರ ಇರುತ್ತದೆ, ಅಮೀನಗಡದ ಹುಡುಗನ ಫೈಲಿನಲ್ಲಿ ಇರುವುದಿಲ್ಲ. ಮುಂಬೈ ಕರ್ನಾಟಕವೆಂದಿದ್ದ ಈ ಭಾಗಕ್ಕೆ 2021ರಲ್ಲಿ ಕಿತ್ತೂರು ಕರ್ನಾಟಕ ಎಂದು ಹೊಸ ಹೆಸರು ಬಂತು, ಮೀಸಲಾತಿ ಬರಲಿಲ್ಲ. ಅಧಿಸೂಚನೆಯಲ್ಲಿ ಹುದ್ದೆಗಳ ಸಂಖ್ಯೆ ಓದುವಾಗ ಒಟ್ಟು ಅಂಕಿ ನೋಡಿ ಹಿಗ್ಗುವ ಬದಲು, ತಾನು ಅರ್ಜಿ ಹಾಕಬಹುದಾದ ಪಟ್ಟಿಯಲ್ಲಿ ಎಷ್ಟಿವೆ ಎಂದು ನೋಡಿಕೊಳ್ಳಬೇಕಾದದ್ದು ಇದಕ್ಕೇ.

ಇನ್ನು ಖರ್ಚು. ಕೋರ್ಸಿನ ಶುಲ್ಕ ಕಣ್ಣಿಗೆ ಕಾಣುವ ಖರ್ಚು. ಕಾಣದ ಖರ್ಚು ವಯಸ್ಸು. ಈಚಿನ ವರ್ಷಗಳ ಕಾನ್‌ಸ್ಟೆಬಲ್ ಅಧಿಸೂಚನೆಗಳಲ್ಲಿ ಸಾಮಾನ್ಯ ವರ್ಗಕ್ಕೆ ಗರಿಷ್ಠ ವಯೋಮಿತಿ 25, ಮೀಸಲು ವರ್ಗಗಳಿಗೆ 27 ಇತ್ತು. ಹದಿನೆಂಟಕ್ಕೆ ಪಿಯುಸಿ ಮುಗಿಸಿದವನಿಗೆ ಉಳಿಯುವುದು ಏಳು ವರ್ಷ, ಹೆಚ್ಚೆಂದರೆ ಒಂಬತ್ತು. ಅಷ್ಟರಲ್ಲಿ ಎಷ್ಟು ಅವಕಾಶ ಬರುತ್ತದೆ? 1,137 ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಗಳಿಗೆ 2022ರ ಅಕ್ಟೋಬರ್‌ನಲ್ಲಿ ಅರ್ಜಿ ಕರೆದರು. ಲಿಖಿತ ಪರೀಕ್ಷೆ ನಡೆದದ್ದು 2024ರ ಫೆಬ್ರುವರಿಯಲ್ಲಿ. ಅದೇ ವರ್ಷದ ಅಕ್ಟೋಬರ್ ಕೊನೆಗೆ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡವೆಂದು ಸಚಿವ ಸಂಪುಟ ನಿರ್ಧರಿಸಿತು. ಇದಕ್ಕೆಂದೇ ನೇಮಿಸಿದ ನಾಗಮೋಹನ ದಾಸ್ ಆಯೋಗದ ವರದಿ ಬಂದು ಸಂಪುಟ ತೀರ್ಮಾನ ಕೈಗೊಂಡದ್ದು 2025ರ ಆಗಸ್ಟ್‌ನಲ್ಲಿ. ಒಳಮೀಸಲಾತಿಯ ನ್ಯಾಯ ತನ್ನ ಜಾಗದಲ್ಲಿ ಸರಿಯೇ. ಆದರೆ ಕಾಯುತ್ತಿದ್ದ ಎಲ್ಲ ಜಾತಿಯ ಹುಡುಗರಿಗೂ ಅಷ್ಟು ದಿನ ವಯಸ್ಸಾಯಿತು ಎಂಬುದೂ ಅಷ್ಟೇ ನಿಜ.

ಸಬ್ ಇನ್‌ಸ್ಪೆಕ್ಟರ್ (ಪಿಎಸ್ಐ) ಹುದ್ದೆಯ ಕತೆ ಇದಕ್ಕಿಂತ ಕಹಿ. 545 ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಕಲಬುರಗಿಯ ಒಂದು ಪರೀಕ್ಷಾ ಕೇಂದ್ರದಿಂದ ಎದ್ದ ಅಕ್ರಮದ ಹೊಗೆ ನೇಮಕಾತಿ ವಿಭಾಗದ ಹಿರಿಯ ಅಧಿಕಾರಿಯ ಬಂಧನದವರೆಗೆ ಹೋಯಿತು. ಒಂದೊಂದು ಹುದ್ದೆಗೆ ಹತ್ತಾರು ಲಕ್ಷ ಕೈ ಬದಲಾಯಿತೆಂಬ ಆರೋಪ ಬಂತು. ಪಟ್ಟಿ ರದ್ದಾಗಿ, ಹೈಕೋರ್ಟ್ ಮರುಪರೀಕ್ಷೆಗೆ ಒಪ್ಪಿ, 2024ರ ಜನವರಿ 23ರಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮತ್ತೆ ಪರೀಕ್ಷೆ ನಡೆಸಿತು. ಪ್ರಾಮಾಣಿಕವಾಗಿ ಬರೆದವನಿಗೂ ಎರಡು ವರ್ಷ ಮೂರು ತಿಂಗಳು ನಷ್ಟ. ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಓದುವವನಿಗೆ ಬಾಡಿಗೆ, ಊಟ, ಲೈಬ್ರರಿ ಸೇರಿ ತಿಂಗಳಿಗೆ ಆರು ಸಾವಿರ ಎಂದು ಕಡಿಮೆಯೇ ಹಿಡಿದರೂ 27 ತಿಂಗಳಿಗೆ 1,62,000 ರೂಪಾಯಿ ಆಗುತ್ತದೆ. ಕೋಚಿಂಗ್ ಶುಲ್ಕ ಬೇರೆ. ಅರ್ಜಿ ಶುಲ್ಕದ ನಾಲ್ಕೈದು ನೂರು ಇದರ ಮುಂದೆ ಲೆಕ್ಕಕ್ಕೇ ಇಲ್ಲ.

ಪದವಿ ಮುಗಿಸಿದವರಿಗೆ ಇನ್ನೊಂದು ಸೂಕ್ಷ್ಮವಿದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾದ ಯುವನಿಧಿಯಲ್ಲಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಮುಂದಿನ ಓದಿಗೆ ಸೇರಿದವರಿಗೆ ಈ ಭತ್ಯೆ ಇಲ್ಲ. ಹಾಗಾಗಿ ಒಂದು ವರ್ಷದ ಪಿಜಿ ಡಿಪ್ಲೊಮಾಗೆ ಹೆಸರು ಹಚ್ಚಿಸುವ ಪದವೀಧರ ಅದರ ಶುಲ್ಕದ ಕೆಳಗೆ 36,000 ರೂಪಾಯಿ ಎಂದು ಇನ್ನೊಂದು ಸಾಲು ಬರೆದುಕೊಳ್ಳಬೇಕಾಗಬಹುದು.

ಹಾಗೆಂದು ಈ ವಿಷಯದ ಓದೆಲ್ಲ ವ್ಯರ್ಥ ಎನ್ನುವುದು ಅನ್ಯಾಯ. ಓದುವ ಆಸಕ್ತಿ ಇದ್ದವರಿಗೆ ಇಗ್ನೊದ ಕ್ರಿಮಿನಲ್ ಜಸ್ಟೀಸ್ ಪಿಜಿ ಡಿಪ್ಲೊಮಾ ಇದೆ, ಅದಕ್ಕೆ ಪದವಿ ಬೇಕು. ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲೇ ಇದೆ. ಇಗ್ನೊ ತನ್ನ ಪಠ್ಯವನ್ನು ಇ-ಜ್ಞಾನಕೋಶದಲ್ಲಿ ಪುಕ್ಕಟೆ ಇಟ್ಟಿದೆ. ವಿಷಯ ತಿಳಿಯುವುದೇ ಉದ್ದೇಶವಾದರೆ ಮೊಬೈಲ್ ಡೇಟಾ ಸಾಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ವಿಭಾಗವೇ ಇದೆ. ಪದವಿಯಲ್ಲಿ ಅಪರಾಧಶಾಸ್ತ್ರ ಆಯ್ದುಕೊಂಡರೆ ಪಿಎಸ್ಐ ಅರ್ಜಿಗೆ ಬೇಕಾದ ಪದವಿಯೂ ಆಯಿತು, ವಿಷಯವೂ ಕಲಿತಂತಾಯಿತು. ಮೇಲೊಂದು ಸರ್ಟಿಫಿಕೇಟಿನ ಹಂಗಿಲ್ಲ.

ಖಾಸಗಿ ಕೋರ್ಸಿನ ಪಾಠಪಟ್ಟಿ ಕೈಗೆ ಬಂದರೆ ಒಂದು ಸಣ್ಣ ಪರೀಕ್ಷೆ ಮಾಡಬಹುದು. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆ ಈಗ 302 ಅಲ್ಲ, 103. ಸಿನಿಮಾಗಳಿಗೆ ಹೆಸರು ಕೊಟ್ಟ 420 ಕೂಡ 318ನೆಯ ಸೆಕ್ಷನ್ನಿನ ನಾಲ್ಕನೆಯ ಉಪವಿಭಾಗದಲ್ಲಿ ಹೋಗಿ ಕೂತಿದೆ. ಪಾಠಪಟ್ಟಿಯಲ್ಲಿ ಇನ್ನೂ ಹಳೆಯ ಸಂಖ್ಯೆಗಳೇ ಇದ್ದರೆ ಅಲ್ಲಿಗೆ ದುಡ್ಡು ಕಟ್ಟುವುದೇ ಒಂದು 420 ವ್ಯವಹಾರ. ಸಂಸ್ಥೆಯ ಹೆಸರಿನಲ್ಲಿ ‘ವಿಶ್ವವಿದ್ಯಾಲಯ’ ಎಂದಿದ್ದರೆ ಯುಜಿಸಿಯ ಜಾಲತಾಣದಲ್ಲಿ ಹುಡುಕಬೇಕು. ಗೋಕಾಕದ ಬಡಗಾಂವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿ ಎಂಬ ಹೆಸರು ವರ್ಷಗಟ್ಟಲೆ ಯುಜಿಸಿಯ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿತ್ತು. ‘ವಿಶ್ವವಿದ್ಯಾಲಯ’ ಎಂಬ ಪದ ಇಲ್ಲದಿದ್ದರೆ ಕಷ್ಟ ಇನ್ನೂ ಹೆಚ್ಚು: ಡಿಗ್ರಿ ಕೊಡುವ ಹಕ್ಕು ಯಾರಿಗೆ ಎಂದು 1956ರ ಯುಜಿಸಿ ಕಾಯ್ದೆಯ 22ನೆಯ ಸೆಕ್ಷನ್ ಹೇಳುತ್ತದೆ, ಆದರೆ ಅದು ಡಿಗ್ರಿಯ ಮಾತು. ಬರೇ ‘ಸರ್ಟಿಫಿಕೇಟ್’ ಎಂದು ಅಚ್ಚು ಹಾಕಿಸಿ ಕೊಡುವವರಿಗೆ ಆ ಸೆಕ್ಷನ್ನಿನ ಅಂಜಿಕೆ ಇಲ್ಲ.

ಈ ಕ್ಷೇತ್ರದಲ್ಲಿ ಕಾನೂನೇ ಕಡ್ಡಾಯ ಮಾಡಿರುವ ತರಬೇತಿ ಒಂದಿದೆ, ಅದು ಅತಿ ಕಡಿಮೆ ಸಂಬಳದ ಕೆಲಸಕ್ಕೆ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯ ಪ್ರಕಾರ ಸೆಕ್ಯುರಿಟಿ ಗಾರ್ಡ್ ಆಗುವವನು ನಿಗದಿತ ತರಬೇತಿ ಮುಗಿಸಿರಲೇಬೇಕು. ಕೇಂದ್ರದ ಮಾದರಿ ನಿಯಮಗಳಲ್ಲಿ ಅದು 100 ತಾಸು ಪಾಠ, 60 ತಾಸು ಕ್ಷೇತ್ರ ತರಬೇತಿ, ಕನಿಷ್ಠ 20 ಕೆಲಸದ ದಿನ. ಬಾಗಲಕೋಟೆಯ ಎಟಿಎಂ ಇರಲಿ, ಇಳಕಲ್ಲಿನ ಗ್ರಾನೈಟ್ ಫ್ಯಾಕ್ಟರಿ ಇರಲಿ, ಬೆಂಗಳೂರಿನ ಅಪಾರ್ಟ್‌ಮೆಂಟ್ ಇರಲಿ, ಗಾರ್ಡಿಗೆ ಬೇಕಾದದ್ದು ಈ ತರಬೇತಿಯ ಪತ್ರ. ತರಬೇತಿ ಆಗಿದೆಯೇ ಎಂದು ನೋಡಿಕೊಳ್ಳುವ ಹೊಣೆ ಏಜೆನ್ಸಿಯದು. ಗಾರ್ಡ್ ಕೆಲಸಕ್ಕೆ ‘ಕ್ರಿಮಿನಲ್ ಜಸ್ಟೀಸ್ ಕೋರ್ಸ್ ಕಡ್ಡಾಯ’ ಎಂದು ಹುಡುಗನ ಕೈಯಿಂದ ಹತ್ತು ಸಾವಿರ ಕೀಳುವವರು ಸಿಕ್ಕರೆ ಯಾವ ನಿಯಮ, ಎಷ್ಟನೆಯದು ಎಂದು ಕೇಳಬೇಕು. ಸಂಬಳ ಕಾರ್ಮಿಕ ಇಲಾಖೆಯ ಕನಿಷ್ಠ ವೇತನದ ಆಸುಪಾಸು. ಬೆಂಗಳೂರಿಗೆ ಹೋದರೆ ಅದರಲ್ಲೇ ರೂಮಿನ ಬಾಡಿಗೆಯೂ ಹೋಗಬೇಕು.

ವಕೀಲಿಕೆಯ ದಾರಿಯ ಲೆಕ್ಕ ಈಚೆಗೆ ಸ್ವಲ್ಪ ಹಗುರಾಗಿದೆ. ಬಾಗಲಕೋಟೆಯ ಎಸ್.ಸಿ. ನಂದಿಮಠ ಕಾನೂನು ಕಾಲೇಜು ಅಮೀನಗಡದಿಂದ ದಿನಾ ಹೋಗಿ ಬರುವಷ್ಟು ಹತ್ತಿರ. ಪದವಿಯ ಮೇಲೆ ಮೂರು ವರ್ಷ. ಮೊದಲೆಲ್ಲ ಓದು ಮುಗಿದ ಮೇಲೂ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಲು ಸಾವಿರಾರು ರೂಪಾಯಿ ಬೇಕಿತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಅದಕ್ಕೆ ಕಡಿವಾಣ ಹಾಕಿತು: ಕಾಯ್ದೆಯಲ್ಲಿ ಇರುವಷ್ಟೇ ತೆಗೆದುಕೊಳ್ಳಬೇಕು, ಸಾಮಾನ್ಯರಿಗೆ 750, ಪರಿಶಿಷ್ಟರಿಗೆ 125 ರೂಪಾಯಿ. ಶುರುವಿನ ವರ್ಷಗಳಲ್ಲಿ ಹುನಗುಂದದ ಕೋರ್ಟಿನಲ್ಲಿ ಹಿರಿಯರ ಕೈಕೆಳಗೆ ದುಡಿದು ಕಾಸು ಕಾಣುವುದು ಕಷ್ಟವೇ. ಆದರೆ ಸರ್ಕಾರಿ ಅಭಿಯೋಜಕರ ಹುದ್ದೆಗೆ, ಮಕ್ಕಳ ರಕ್ಷಣಾ ಘಟಕದ ಕಾನೂನು ಅಧಿಕಾರಿ ಹುದ್ದೆಗೆ ಅರ್ಜಿ ಹಾಕಬೇಕಾದರೆ ಎಲ್ಎಲ್‌ಬಿಯೇ ಬೇಕು. ಸೈಬರ್ ಲಾ ಡಿಪ್ಲೊಮಾಗೆ ಬೆಲೆ ಬರುವುದೂ ಕರಿಕೋಟಿನ ಮೇಲೆ ಅದು ಬಂದಾಗ.

ದುಡ್ಡಿನ ಮಾತು ಬಿಟ್ಟು ಕಾನೂನಿನ ಕೆಲಸದ ರುಚಿ ನೋಡಬೇಕೆನ್ನುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾರಾ ಲೀಗಲ್ ವಾಲಂಟಿಯರ್ ಯೋಜನೆ ಇದೆ. ತರಬೇತಿ ಅವರೇ ಕೊಡುತ್ತಾರೆ. ಕೆಲಸ ಮಾಡಿದ ದಿನಕ್ಕೆ ಗೌರವಧನ. ಜೈಲು, ಪೊಲೀಸ್ ಠಾಣೆ, ಲೋಕ ಅದಾಲತ್ ಒಳಗಿನಿಂದ ಹೇಗಿರುತ್ತವೆ ಎಂದು ಆರು ತಿಂಗಳ ಆನ್‌ಲೈನ್ ವಿಡಿಯೊಗಿಂತ ಇಲ್ಲಿ ಚೆನ್ನಾಗಿ ತಿಳಿಯುತ್ತದೆ.

ಈ ಇಡೀ ಕ್ಷೇತ್ರದಲ್ಲಿ ಬೇಡಿಕೆ ನಿಜವಾಗಿ ಏರುತ್ತಿರುವ ಒಂದು ಮೂಲೆ ಇದ್ದರೆ ಅದು ವಿಧಿವಿಜ್ಞಾನ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೆಯ ಸೆಕ್ಷನ್ ಪ್ರಕಾರ ಏಳು ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಅಪರಾಧ ನಡೆದಲ್ಲಿಗೆ ವಿಧಿವಿಜ್ಞಾನ ತಜ್ಞ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು, ಅದನ್ನು ಚಿತ್ರೀಕರಿಸಬೇಕು. ಅಮೀನಗಡ ಠಾಣೆಯ ಸರಹದ್ದಿನಲ್ಲಿ ಕೊಲೆಯಾದರೂ ಇದೇ ನಿಯಮ. ರಾಜ್ಯ ಪೊಲೀಸ್ ಇಲಾಖೆ ಅಪರಾಧ ಸ್ಥಳ ಪರಿಶೀಲನಾಧಿಕಾರಿಗಳ 206 ಹುದ್ದೆಗಳಿಗೆ ಈ ಕಾನೂನು ಬರುವ ಮೊದಲೇ ಅರ್ಜಿ ಕರೆದಿತ್ತು. ಕೇಳಿದ್ದು ವಿಜ್ಞಾನದ ಪದವಿ. ಬೆಳಗಾವಿ, ಕಲಬುರಗಿ, ದಾವಣಗೆರೆಗಳಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯಗಳಿವೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್‌ಗೆ 2023ರ ಜನವರಿ 28ರಂದು ಅಡಿಗಲ್ಲು ಬಿತ್ತು. ಅಲ್ಲಿನ ಶುಲ್ಕ ಸೆಮಿಸ್ಟರಿಗೆ ಹತ್ತಾರು ಸಾವಿರ, ಎಲ್ಲರ ಕೈಗೆಟುಕುವುದಲ್ಲ. ಆದರೆ ಈ ದಾರಿಗೆ ಮೊದಲು ಬೇಕಾದದ್ದು ರಸಾಯನಶಾಸ್ತ್ರವೋ ಜೀವಶಾಸ್ತ್ರವೋ ಇರುವ ಸಾದಾ ಬಿಎಸ್ಸಿ. ಅದು ಬಾಗಲಕೋಟೆಯ ಬಸವೇಶ್ವರ ವಿಜ್ಞಾನ ಕಾಲೇಜಿನಲ್ಲೂ ಆಗುತ್ತದೆ.

176(3)ನ್ನು ಕಡ್ಡಾಯ ಮಾಡಲು ಕಾನೂನು ರಾಜ್ಯಗಳಿಗೆ ಐದು ವರ್ಷದ ಗಡುವು ಕೊಟ್ಟಿದೆ. 2024ರ ಜುಲೈ 1ರಿಂದ ಎಣಿಸಿದರೆ ಅದು ಮುಗಿಯುವುದು 2029ರ ಮಧ್ಯದಲ್ಲಿ. 2026ರಲ್ಲಿ ಪಿಯುಸಿ ವಿಜ್ಞಾನ ಮುಗಿಸಿ ಮೂರು ವರ್ಷದ ಬಿಎಸ್ಸಿಗೆ ಸೇರುವ ಅಮೀನಗಡದ ಹುಡುಗಿಯ ಕೊನೆಯ ಸೆಮಿಸ್ಟರ್ ಪರೀಕ್ಷೆಯೂ ಅದೇ ಹೊತ್ತಿಗೆ.